ಹಳೆಯ ಕಾರ್ಡು, ಹುಲುಗಪ್ಪನ ಕೋಲು

ಮೂವತ್ತೆರಡನೆಯ ವಯಸ್ಸಿಗೆ ನಿವೃತ್ತಳಾದೆ ಎಂದರೆ ಕೇಳಿದವರು ನಗುತ್ತಾರೆ. ಆದರೆ ಒಂಬತ್ತು ವರ್ಷ ಮಾಡಿದ ಕೆಲಸವನ್ನು ಇನ್ನು ಮಾಡುವುದಿಲ್ಲವೆಂದು ತೀರ್ಮಾನಿಸಿ ಹೊರಬಂದದ್ದಕ್ಕೆ ಬೇರೆ ಪದ ನನಗೆ ಹೊಳೆಯುತ್ತಿಲ್ಲ. ನನ್ನ ಜಾಗಕ್ಕೆ ಈಗ ಇಬ್ಬರು ಹುಡುಗಿಯರು ಬಂದಿದ್ದಾರೆ. ನಾನು ಕೆಲಸ ಮಾಡುತ್ತಿದ್ದ ಹೊಸಪೇಟೆಯ ಅಂಗಡಿಯ ಮಾಲೀಕರು ಕೊಟ್ರೇಶ್ ಸರ್. "ಅವರಿಗೆ ಒಂಚೂರು ಬರದುಕೊಟ್ಟು ಹೋಗವ್ವ, ನಿನ್ನ ಅಕ್ಷರ ಚಂದ ಅದಾವು" ಎಂದರು. ಯಾವ ತಂತಿ ಎಲ್ಲಿ ಸೇರಬೇಕು, ಯಾವ ದೀಪ ಎಷ್ಟು ಸಲ ಮಿನುಗಿದರೆ ಏನರ್ಥ ಎಂಬುದನ್ನು ಹದಿನಾಲ್ಕು ಪುಟ ಬರೆದುಕೊಟ್ಟೆ. ಆ ಹದಿನಾಲ್ಕು ಪುಟಗಳಲ್ಲಿ ಬರೆಯದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೆಲಸ ಏನೆಂದು ಮೊದಲು ಹೇಳಬೇಕು. ಅಂಗೈ ಅಗಲದ ಒಂದು ಬೋರ್ಡು. ಅದೇ ಒಂದು ಪೂರ್ತಿ ಕಂಪ್ಯೂಟರ್. ಅದನ್ನು ತಗಡಿನ ಪೆಟ್ಟಿಗೆಯಲ್ಲಿ ಕೂರಿಸಿ ಅಕ್ಕಿ ಗಿರಣಿ, ಗಣಿ, ಕಾಲುವೆ, ಪ್ರವಾಸಿಗರ ಮಾಹಿತಿ ಫಲಕ, ಎಲ್ಲೆಂದರಲ್ಲಿ ಇಡುತ್ತಿದ್ದೆವು. ಕರೆಂಟ್ ಬಂದ ಕೂಡಲೇ ಈ ಬೋರ್ಡಿಗೆ ತಾನು ಏನು ಮಾಡಬೇಕೆಂದು ಗೊತ್ತಿರುವುದಿಲ್ಲ. ಅದರ ಬುದ್ಧಿಯೆಲ್ಲ ಬೇರೆ ಕಡೆ ಇರುತ್ತದೆ: ಉಗುರಿನಷ್ಟು ಸಣ್ಣ ಮೆಮೊರಿ ಕಾರ್ಡಿನಲ್ಲಿ, ಇಲ್ಲವೆ ಯುಎಸ್‌ಬಿಗೆ ಸಿಕ್ಕಿಸಿದ ಡಿಸ್ಕಿನಲ್ಲಿ. ಮೊದಲು ಎಲ್ಲಿ ಹುಡುಕಬೇಕು, ಅಲ್ಲಿ ಸಿಗದಿದ್ದರೆ ಮುಂದೆ ಎಲ್ಲಿಗೆ ಹೋಗಬೇಕು ಎಂಬ ಅನುಕ್ರಮಕ್ಕೆ ಬೂಟ್ ಆರ್ಡರ್ ಎನ್ನುತ್ತಾರೆ. ನನ್ನ ಒಂಬತ್ತು ವರ್ಷಗಳ ದೂರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಅನುಕ್ರಮದವೇ.

ಮೊದಲ ವರ್ಷ ಕಂಪ್ಲಿಯ ಒಂದು ಅಕ್ಕಿ ಗಿರಣಿಯಿಂದ ಫೋನ್ ಬಂತು. ಲಾರಿ ತೂಕ ತೋರಿಸುವ ಪರದೆ ಕಪ್ಪಾಗಿದೆ, ಹೊರಗೆ ಭತ್ತದ ಗಾಡಿಗಳು ಸಾಲುಗಟ್ಟಿವೆ ಎಂದರು. ಹೋದೆ. ಬೋರ್ಡು ಬಿಚ್ಚಿದೆ, ಕಾರ್ಡು ಬದಲಿಸಿದೆ, ತಂತಿ ಬದಲಿಸಿದೆ. ಎರಡು ಗಂಟೆ ಕಳೆದರೂ ಪರದೆ ಕಪ್ಪಾಗಿಯೇ ಇತ್ತು. ಗಿರಣಿಯ ಯಜಮಾನರಾದ ಪಂಪಾಪತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಮೇಡಂ, ಕಾಲೇಜಿನ್ಯಾಗ ಇದನ್ನೇ ಓದೀರೇನ್ರಿ, ಇಲ್ಲ ಬ್ಯಾರೆ?"

"ಇದನ್ನೇ ಓದಿದ್ದೇನೆ."

"ಹಂಗಂದ್ರ ಇದನ್ನ ಹೇಳಿಕೊಟ್ಟ ದಿನ ರಜಾ ಹಾಕಿದ್ರೇನು?"

ಹಮಾಲರು ನಕ್ಕರು. ನಾನು ಕೊಟ್ರೇಶ್ ಸರ್‌ಗೆ ಫೋನ್ ಮಾಡಿದೆ. ಅವರು ಬೋರ್ಡಿನ ಬಗ್ಗೆ ಏನೂ ಕೇಳಲಿಲ್ಲ. "ಕೊನೀ ಸಲ ಅದನ್ನ ಮುಟ್ಟಿದವರು ಯಾರಂತ ಕೇಳು" ಎಂದರು. ಕೇಳಿದೆ. ಪಂಪಾಪತಿಯವರೇ ತಲೆ ಕೆರೆದುಕೊಂಡರು. ಅದೇ ಪರದೆಯಲ್ಲಿ ಭಜನೆ ಕೇಳಬಹುದೆಂದು ಯಾರೋ ಹೇಳಿದ್ದರಂತೆ. ಪೆಟ್ಟಿಗೆಯ ಹಿಂಭಾಗದಲ್ಲಿ ಅವರು ಸಿಕ್ಕಿಸಿದ ಪೆನ್ ಡ್ರೈವ್ ಹಾಗೆಯೇ ಇತ್ತು. ಬೋರ್ಡು ಮೊದಲು ಯುಎಸ್‌ಬಿಯಲ್ಲಿ ಹುಡುಕುವಂತೆ ನಾವೇ ಹೇಳಿಟ್ಟಿದ್ದೆವು. ಅದು ಆ ಭಜನೆಗಳಲ್ಲಿ ತನ್ನ ಬುದ್ಧಿಯನ್ನು ಹುಡುಕುತ್ತ ಅಲ್ಲೇ ಸಿಕ್ಕಿಕೊಂಡಿತ್ತು. ಪೆನ್ ಡ್ರೈವ್ ಕಿತ್ತೆ. ಪರದೆ ಬಂತು.

"ದೇವರ ಹಾಡಿಗೆ ಕೆಟ್ಟೈತಿ ಅಂದ್ರ ಇದು ಎಂಥಾ ಮಷೀನ್ರಿ" ಎಂದು ಪಂಪಾಪತಿ ಎಲ್ಲರಿಗೂ ಚಹಾ ಹೇಳಿದರು.

ಮುಟ್ಟುವ ಮೊದಲು ಕೇಳು. ಇದು ಕೊಟ್ರೇಶ್ ಸರ್ ಕಲಿಸಿದ ಮೊದಲ ಪಾಠ. ಅವರು ಕಾಲೇಜು ಕಂಡವರಲ್ಲ. ಟಿವಿ ರಿಪೇರಿಯಿಂದ ಈ ಕೆಲಸಕ್ಕೆ ಬಂದವರು. ಅವರ ಎರಡನೆಯ ಪಾಠ ಹಳೆಯ ಕಾರ್ಡಿನದು.

ಆರಂಭದಲ್ಲಿ ಎಲ್ಲ ಬೋರ್ಡುಗಳೂ ಕಾರ್ಡಿನಿಂದಲೇ ಏಳುತ್ತಿದ್ದವು. ಬಿಸಿಲಿಗೆ, ಪದೇ ಪದೇ ಹೋಗುವ ಕರೆಂಟಿಗೆ ಕಾರ್ಡುಗಳು ಬೇಗ ಸಾಯುತ್ತಿದ್ದವು. ಹಾಗಾಗಿ ಒಂದೊಂದೇ ಕಡೆ ಡಿಸ್ಕ್ ಹಾಕುತ್ತ ಬಂದೆವು. ಡಿಸ್ಕ್ ಹಾಕಿದ ಮೇಲೆ ಕಾರ್ಡಿನ ಅಗತ್ಯವಿಲ್ಲ. ನಾನು ಅದನ್ನು ತೆಗೆದು ಚೀಲಕ್ಕೆ ಹಾಕಿಕೊಳ್ಳಲು ಹೋದರೆ ಸರ್ ತಡೆಯುತ್ತಿದ್ದರು. "ತಗೀಬ್ಯಾಡ. ಅಲ್ಲೇ ಇರ್ಲಿ. ಡಿಸ್ಕ್ ಕೈಕೊಟ್ಟ ದಿನ ಹಳೇದಾರ ಎದ್ದು ನಮಗ ಫೋನ್ ಹಚ್ಚತೈತಿ."

ಅದು ನಿಜವೂ ಆಯಿತು. ಸಂಡೂರಿನ ಒಂದು ಗಣಿಯಲ್ಲಿ ಗಾಳಿಯ ದೂಳನ್ನು ಅಳೆದು ತೋರಿಸುವ ಪೆಟ್ಟಿಗೆ ಇತ್ತು. ಒಂದು ಬೆಳಿಗ್ಗೆ ಅದರ ಡಿಸ್ಕು ಬೋರ್ಡಿಗೆ ಕಾಣದೆ ಹೋಯಿತು. ಕೆಂಪು ಮಣ್ಣು ಯುಎಸ್‌ಬಿಯ ಬಾಯೊಳಗೆ ಸೇರಿ ಗಟ್ಟಿಯಾಗಿತ್ತು. ಅದನ್ನು ನಾನು ನೋಡಿದ್ದು ಮರುದಿನ. ಆದರೆ ಆ ಇಡೀ ದಿನ ಹಳೆಯ ಕಾರ್ಡು ಎದ್ದು ಕೆಲಸ ಮಾಡಿತ್ತು. ಹೊಸಪೇಟೆಯಲ್ಲಿ ಕುಳಿತೇ ನಾನು ನೆಟ್ಟಿನ ಮೂಲಕ ಅದರೊಳಗೆ ಹೋಗಿ ದಾಖಲೆ ನಿಲ್ಲದಂತೆ ನೋಡಿಕೊಂಡಿದ್ದೆ. ಗಣಿಯ ಎಂಜಿನಿಯರ್ ಮಸ್ತ್ ಕೆಲಸವೆಂದು ಹೊಗಳಿದರು. ಅಂದಿನಿಂದ ನಾನೂ ಹಳೆಯ ಕಾರ್ಡನ್ನು ತೆಗೆಯುವುದನ್ನು ಬಿಟ್ಟೆ. ಅಷ್ಟೇ ಅಲ್ಲ, ಪ್ರತಿ ಕಾರ್ಡಿನ ಮೇಲೂ ಸಣ್ಣ ಚೀಟಿ ಅಂಟಿಸಿ, ಎಲ್ಲಿಯದು, ಯಾವ ದಿನದ್ದು ಎಂದು ಮಣಿಮಣಿಯಾಗಿ ಬರೆದಿಡುತ್ತಿದ್ದೆ. ಅಚ್ಚುಕಟ್ಟಿನ ಬಗ್ಗೆ ನನಗೊಂದು ಹೆಮ್ಮೆ ಇತ್ತು.

ಮೆಟ್ರಿಯ ಆಸುಪಾಸಿನ ಒಂದು ಹಳ್ಳಿ. ಹೆಸರು ಬೇಡ. ಅಲ್ಲಿನ ಉಪಕಾಲುವೆಯ ತೂಬಿನ ಹತ್ತಿರ ಒಂದು ಸಣ್ಣ ಕೋಣೆ, ಅದರಲ್ಲಿ ನಮ್ಮ ಪೆಟ್ಟಿಗೆ. ನೀರಿನ ಮೇಲೆ ಚಾಚಿದ ಕಬ್ಬಿಣದ ತೋಳಿಗೆ ಸಂವೇದಕ ಕಟ್ಟಿತ್ತು. ಅದು ಕೆಳಗೆ ನೀರು ಎಷ್ಟು ದೂರವಿದೆ ಎಂದು ನೋಡುತ್ತದೆ. ತೋಳಿನ ಎತ್ತರದಿಂದ ಆ ದೂರ ಕಳೆದರೆ ನೀರಿನ ಆಳ. ರೈತರ ಸಂಘದವರು ಪಾಳಿಯ ಪ್ರಕಾರ ನೀರು ಬಿಡುತ್ತಿದ್ದರು. ತೂಬು ಎತ್ತಿ ಇಳಿಸುವವನು ಸಂಘ ನೇಮಿಸಿದ್ದ ನೀರುಗಂಟಿ ಹುಲುಗಪ್ಪ. ಐವತ್ತು ದಾಟಿದ, ತೆಳ್ಳಗಿನ ಮನುಷ್ಯ. ಅವನ ಅಪ್ಪನೂ ಅದೇ ಕಾಲುವೆಯ ನೀರುಗಂಟಿಯಾಗಿದ್ದನಂತೆ. ಹುಲುಗಪ್ಪನ ಬಳಿ ಗೇಣಿಗೊಂದು ಕೆಂಪು ಗೆರೆ ಬಳಿದ ಬಿದಿರುಕೋಲಿತ್ತು. ಪಾಳಿ ಶುರುವಾದಾಗ ಅದನ್ನು ನೀರಿಗಿಳಿಸಿ, ಎಷ್ಟು ಗೇಣು, ಎಷ್ಟು ಬೆರಳು ಎಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ. ಪೆಟ್ಟಿಗೆ ಬಂದ ಮೇಲೂ ಬಿಡಲಿಲ್ಲ.

"ಈಗ ಪೆಟ್ಟಿಗೆ ಇದೆಯಲ್ಲ, ಕೋಲು ಯಾಕೆ?" ಎಂದು ನಾನೊಮ್ಮೆ ಕೇಳಿದ್ದೆ.

"ಅದು ನಿಮಗ ಹೇಳ್ತೈತ್ರಿ ಯವ್ವ. ಇದು ನನಗ ಹೇಳ್ತೈತಿ" ಎಂದು ನಕ್ಕಿದ್ದ.

ಒಂದು ಬೇಸಿಗೆ ಕಾಲುವೆ ನಿಂತಾಗ ಗೋಡೆಗೆ ಸಿಮೆಂಟ್ ಹಾಕಿದರು. ಗೋಡೆಯ ಮೇಲಿದ್ದ ಅಳತೆಯ ಗೆರೆಗಳು ಅದರಡಿ ಮುಚ್ಚಿಹೋದವು. ನಮ್ಮ ಕಬ್ಬಿಣದ ತೋಳನ್ನು ಒಂದು ಗೇಣು ಮೇಲಕ್ಕೆ ಕಟ್ಟಿದರು. ನಾನು ಹೋಗಿ ಹೊಸ ಎತ್ತರವನ್ನು ಅಳೆದು, ಅದೇ ದಿನ ಡಿಸ್ಕ್ ಹಾಕಿ, ಹೊಸ ಅಂಕಿಯನ್ನು ಡಿಸ್ಕಿನಲ್ಲಿ ತುಂಬಿದೆ. ಮೊದಲು ಡಿಸ್ಕು, ಅದು ಸಿಗದಿದ್ದರೆ ಕಾರ್ಡು ಎಂದು ಅನುಕ್ರಮ ಹೇಳಿಟ್ಟೆ. ಹಳೆಯ ಎತ್ತರವನ್ನೇ ನಂಬಿಕೊಂಡಿದ್ದ ಹಳೆಯ ಕಾರ್ಡನ್ನು, ಚೀಟಿ ಅಂಟಿಸಿ, ಅದರ ಜಾಗದಲ್ಲೇ ಬಿಟ್ಟೆ.

ನೀರು ಬಂದ ಮೇಲೆ ಕಾಲುವೆಯ ಕೊನೆಯ ಹೊಲದವರು ಗಲಾಟೆ ಎಬ್ಬಿಸಿದರು. ತಮ್ಮ ಪಾಳಿಯಲ್ಲಿ ನೀರು ಸಾಲುತ್ತಿಲ್ಲ. ಹುಲುಗಪ್ಪನ ನೋಟ್‌ಬುಕ್ಕು ಪೂರ್ತಿ ನೀರು ಬಿಟ್ಟಿದ್ದೇನೆ ಎನ್ನುತ್ತಿತ್ತು. ಪೆಟ್ಟಿಗೆಯ ದಾಖಲೆ ತೆಗೆದು ನೋಡಿದರೆ, ಕೆಲವು ಪಾಳಿಗಳಲ್ಲಿ ಅವನು ಬರೆದದ್ದಕ್ಕಿಂತ ಸರಿಯಾಗಿ ಒಂದು ಗೇಣು ಕಡಿಮೆ, ಮಿಕ್ಕವುಗಳಲ್ಲಿ ಅವನು ಬರೆದಷ್ಟೇ. ಎಲ್ಲ ಪಾಳಿಗಳಲ್ಲೂ ಕಡಿಮೆ ಇದ್ದಿದ್ದರೆ ಯಾರಾದರೂ ಪೆಟ್ಟಿಗೆಯನ್ನು ಅನುಮಾನಿಸುತ್ತಿದ್ದರೇನೋ. ಆಗೊಮ್ಮೆ ಈಗೊಮ್ಮೆ ಕಡಿಮೆ ಎಂದರೆ ಅದು ಮನುಷ್ಯನ ಕೆಲಸದಂತೆಯೇ ಕಾಣುತ್ತದೆ. ಹುಲುಗಪ್ಪ ತನಗೆ ಬೇಕಾದವರಿಗೆ ಮೇಲೆಯೇ ನೀರು ಉಳಿಯಲೆಂದು ತೂಬು ಇಳಿಸಿ, ಪುಸ್ತಕದಲ್ಲಿ ಸುಳ್ಳು ಬರೆಯುತ್ತಾನೆ ಎಂದರು. ನನ್ನನ್ನು ಕರೆಸಿದರು.

ಹೋದೆ. ಪರೀಕ್ಷೆ ಮಾಡುವ ನನ್ನ ಪದ್ಧತಿ ಒಂದೇ: ಪೆಟ್ಟಿಗೆಯ ಕರೆಂಟನ್ನೂ ಅದರೊಳಗಿನ ಬ್ಯಾಟರಿಯನ್ನೂ ಬಿಚ್ಚಿ, ನನ್ನ ಚೀಲದಲ್ಲಿರುವ ಒಳ್ಳೆಯ ಅಡಾಪ್ಟರ್ ಮತ್ತು ಬ್ಯಾಟರಿಯಿಂದ ಬೋರ್ಡನ್ನು ಎಬ್ಬಿಸಿ, ಎಲ್ಲ ನೋಡಿ, ಮತ್ತೆ ಮೊದಲಿನಂತೆ ಜೋಡಿಸುವುದು. ಹೊಲದ ಲೈನಿನ ಕರೆಂಟ್ ಬಂದು ಹೋಗುವಾಗ ಕೆಲಸ ಕೆಡಬಾರದೆಂದು ಮಾಡಿಕೊಂಡ ಅಭ್ಯಾಸ. ಬೋರ್ಡು ಚೆನ್ನಾಗಿ ಎದ್ದಿತು. ಹುಲುಗಪ್ಪ ಕೋಲು ಇಳಿಸಿದರೆ ಕೋಲೂ ಪೆಟ್ಟಿಗೆಯೂ ಒಂದೇ ಹೇಳಿದವು.

"ನೀವು ಬಂದಾಗ ಖರೇ ಹೇಳ್ತೈತ್ರಿ ಇದು" ಎಂದ ಹುಲುಗಪ್ಪ. "ನೀವು ಹೋದಮ್ಯಾಲ ಸುಳ್ಳು ಹೇಳ್ತೈತಿ."

ನಾನು ಅಡಾಪ್ಟರ್ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ತಪ್ಪು ಮಾಡಿದವರು ಹೇಳುವ ಮಾತಿನಂತೆಯೇ ಅದು ನನಗೆ ಕೇಳಿಸಿತು.

ಒಂದು ವಾರದ ನಂತರ ನಾನು ಹಂಪಿಯಲ್ಲಿದ್ದೆ. ಪ್ರವಾಸಿಗರಿಗೆ ದಾರಿ ತೋರಿಸುವ ಫಲಕವೊಂದು ನಿಂತುಹೋಗಿತ್ತು. ಮಂಡಿಯೂರಿ ಕುಳಿತು ತಂತಿ ಹಿಡಿದಿದ್ದಾಗ ಫೋನ್ ನಾಲ್ಕು ಸಲ ಹೊಡೆದುಕೊಂಡಿತು. ಐದನೆಯ ಸಲ ಎತ್ತಿದೆ.

"ಯವ್ವ, ಈಗ ಬರ್ರಿ. ಈಗ ಸುಳ್ಳು ಹೇಳಾಕತ್ತೈತಿ. ಕೋಲು ನೀರಾಗ ಐತಿ, ನಾನು ಹಿಡ್ಕೊಂಡು ನಿಂತೀನಿ."

"ಕೆಲಸದಲ್ಲಿದ್ದೇನೆ. ನಾಳೆ ಬರುತ್ತೇನೆ."

"ನಾಳೆ ಅಂದ್ರ ಮತ್ತ ಖರೇ ಹೇಳ್ತೈತ್ರಿ ಅದು. ಜಲ್ದಿ ಬರ್ರಿ. ಆಟೋಕ್ಕ ನಾನು ಹೇಳ್ತೀನಿ."

ಮರುದಿನ ಹೋದೆ. ನನ್ನ ಅಡಾಪ್ಟರಿನಿಂದ ಎಬ್ಬಿಸಿದೆ. ಅದು ನಿಜವನ್ನೇ ಹೇಳಿತು.

ಅಂದೇ ಸಂಘದ ಕಟ್ಟೆಯ ಮೇಲೆ ಜನ ಸೇರಿದರು. ಕೊನೆಯ ಹೊಲದ ಯಂಕೋಬ ಎನ್ನುವವರು ಎಲ್ಲರಿಗಿಂತ ಜೋರಾಗಿದ್ದರು. "ಪೆಟ್ಟಿಗಿಗೆ ಈ ಊರಾಗ ಯಾರ್ರಿ ಬೀಗರು? ಅದು ಯಾರ ಸಲುವಾಗಿ ಸುಳ್ಳು ಹೇಳ್ತೈತಿ? ಹೇಳಲೇ ಹುಲುಗ!"

ಅಧ್ಯಕ್ಷರು ನನ್ನ ಕಡೆ ನೋಡಿದರು. ನಾನು ವರದಿಯ ಹಾಳೆಯಲ್ಲಿ "ಉಪಕರಣ ಸರಿಯಾಗಿದೆ" ಎಂದು ಬರೆದು ಸಹಿ ಮಾಡಿದೆ. ಎರಡೇ ಪದ. ಹುಲುಗಪ್ಪ ತನ್ನ ನೋಟ್‌ಬುಕ್ಕನ್ನು ಕಟ್ಟೆಯ ಮೇಲಿಟ್ಟು, ಅದರ ಮೇಲೆ ತೂಬಿನ ಕೀಲಿಯಿಟ್ಟು ಹೊರಟುಹೋದ. ನನ್ನತ್ತ ನೋಡಲಿಲ್ಲ.

ಮುಂದಿನ ವರ್ಷ ನೀರು ಬಿಡುವ ಮುನ್ನ ಪೆಟ್ಟಿಗೆ ನೋಡಿಬರಲು ಹೋದೆ. ಅಡಾಪ್ಟರ್, ಬ್ಯಾಟರಿ ಎರಡನ್ನೂ ಸಂಡೂರಿನಲ್ಲಿ ಮರೆತುಬಂದಿದ್ದೆ. ಬೇರೆ ದಾರಿಯಿಲ್ಲದೆ ಪೆಟ್ಟಿಗೆಯ ಸ್ವಂತ ಬ್ಯಾಟರಿಯಿಂದಲೇ ಎಬ್ಬಿಸಿದೆ. ಪರದೆಯ ಮೇಲೆ ತೋಳಿನ ಎತ್ತರದ ಅಂಕಿ ಬಂತು. ಅದು ಹಳೆಯ ಅಂಕಿ.

ಕರೆಂಟ್ ಬಿಚ್ಚಿ ಮತ್ತೆ ಕೊಟ್ಟೆ. ಹೊಸ ಅಂಕಿ. ಮತ್ತೆ ಬಿಚ್ಚಿದೆ. ಹಳೆಯದು. ಬಿಸಿಲಿಗೆ ಬ್ಯಾಟರಿ ಸೊರಗಿತ್ತು. ಹೊಲದ ಲೈನಿನ ಕರೆಂಟ್ ಹೋದಾಗ ಬೋರ್ಡು ಆರಿ, ಮತ್ತೆ ಏಳುವಾಗ ಡಿಸ್ಕಿಗೆ ತಕ್ಕಷ್ಟು ಶಕ್ತಿ ಸಿಗುತ್ತಿರಲಿಲ್ಲ. ಡಿಸ್ಕು ಕಣ್ಣು ಬಿಡುವುದು ಎರಡು ಕ್ಷಣ ತಡವಾದರೆ, ಬೋರ್ಡು ನಾನು ಹೇಳಿಟ್ಟ ಅನುಕ್ರಮದಂತೆಯೇ ಮುಂದಿನದಕ್ಕೆ, ಹಳೆಯ ಕಾರ್ಡಿಗೆ ಹೋಗುತ್ತಿತ್ತು. ಅದು ಅದೇ ಹೆಸರಿನಿಂದ, ಅದೇ ದಾರಿಯಿಂದ, ಒಂದು ಗೇಣು ಕಡಿಮೆ ನೀರನ್ನು ನಮ್ಮ ಕಚೇರಿಗೆ ಕಳಿಸುತ್ತಿತ್ತು. ನಾನು ಪ್ರತಿ ಸಲ ನನ್ನ ಒಳ್ಳೆಯ ಕರೆಂಟನ್ನು ಹೊತ್ತುಕೊಂಡು ಹೋಗಿ ಈ ದೋಷವನ್ನು ಅಳಿಸಿಯೇ ಪರೀಕ್ಷೆ ಮಾಡುತ್ತಿದ್ದೆ. ಪೆಟ್ಟಿಗೆ ಕೆಟ್ಟಿರಲಿಲ್ಲ. ಹೇಳಿದ್ದನ್ನೇ ಮಾಡಿತ್ತು.

ಕಾರ್ಡನ್ನು ಹೊರಗೆಳೆದೆ. ಮೇಲೆ ಚೀಟಿ, ಅದರ ಮೇಲೆ ನನ್ನದೇ ಮಣಿಯಂಥ ಅಕ್ಷರ.

ಕೊಟ್ರೇಶ್ ಸರ್ ಎಲ್ಲ ಕೇಳಿಸಿಕೊಂಡರು. ಆಮೇಲೆ, "ಈಗ ಹೇಳಿದ್ರ ನಾವು ಇಟ್ಟ ಎಲ್ಲಾ ಪೆಟ್ಟಿಗಿ ಮ್ಯಾಲೂ ಅನುಮಾನ ಬರ್ತೈತವ್ವ. ಕಾರ್ಡ್ ತಗದಿ, ಬ್ಯಾಟರಿ ಹಾಕಿದಿ. ಸಾಕು ಬಿಡು" ಎಂದರು. ಅಂದು ವರದಿಯಲ್ಲಿ "ಬ್ಯಾಟರಿ ಬದಲಿಸಲಾಗಿದೆ" ಎಂದಷ್ಟೇ ಬರೆದೆ. ಸರ್ ನನ್ನ ಬಾಯಿ ಕಟ್ಟಿದರು ಎಂದು ಹೇಳುವುದು ಸುಲಭ. ಅವರು ಕಟ್ಟಿರಲಿಲ್ಲ. ಹೆಚ್ಚು ಮಾತಾಡದವಳು ಎಂದು ಎಲ್ಲರೂ ನನ್ನನ್ನು ಮೆಚ್ಚುತ್ತಿದ್ದರು. ಆ ಗುಣದ ಹಿಂದೆ ನಾನು ಹನ್ನೊಂದು ತಿಂಗಳು ಅಡಗಿದ್ದೆ. ಕಾರ್ಡು ನನ್ನ ಪರ್ಸಿನಲ್ಲೇ ಇತ್ತು.

ಕೆಲಸ ಬಿಡುವುದೆಂದು ನಿರ್ಧರಿಸಿದ ಮೇಲೆ ಹುಲುಗಪ್ಪನನ್ನು ಹುಡುಕಿದೆ. ಕುರೆಕುಪ್ಪದಲ್ಲಿ, ಕಾರ್ಖಾನೆಯ ಕೆಲಸಗಾರರು ಬೈಕ್ ನಿಲ್ಲಿಸುವ ಒಂದು ಜಾಗದಲ್ಲಿ ಕಾವಲಿಗಿದ್ದ. ಮಡಿಲಲ್ಲಿ ರಿಜಿಸ್ಟರ್, ಬಂದ ಗಾಡಿಗಳ ನಂಬರ್ ಬರೆಯುತ್ತಿದ್ದ.

"ಬರ್ರಿ ಯವ್ವ, ಕುಂದ್ರಿ" ಎಂದು ತನ್ನ ಕುರ್ಚಿ ಬಿಟ್ಟುಕೊಟ್ಟ. ನಾನು ಕೂರಲಿಲ್ಲ. ಕಾರ್ಡು ತೋರಿಸಿ ಎಲ್ಲವನ್ನೂ ಹೇಳಿದೆ. ಬರುವಾಗ ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದ ವಾಕ್ಯಗಳು. ಅವನು ಕಾರ್ಡನ್ನು ಅಂಗೈಯಲ್ಲಿಟ್ಟುಕೊಂಡು ಚೀಟಿ ಓದಿದ.

"ಇದನ್ನ ನನಗ್ಯಾಕ ಹೇಳ್ತೀರಿ?" ಎಂದ. "ನನಗ ಗೊತ್ತಿತ್ತಲ್ರಿ. ಗೊತ್ತಿಲ್ಲದವರಿಗೆ ಹೇಳ್ರಿ."

ಸಿಟ್ಟಿನಿಂದ ಹೇಳಿದ್ದಲ್ಲ. ಅಷ್ಟರಲ್ಲಿ ಒಂದು ಬೈಕ್ ಬಂತು. ಕಾರ್ಡನ್ನು ನನ್ನ ಕೈಗಿಟ್ಟು ಅದರ ನಂಬರ್ ಬರೆಯಲು ಬಗ್ಗಿದ.

ಮುಂದಿನ ಸಭೆಯ ದಿನ ನಾನು ಆ ಹಳ್ಳಿಗೆ ಹೋದೆ. ಅದೇ ಕಟ್ಟೆ. ಎದ್ದುನಿಂತು ಮಾತಾಡುವುದು ನನಗೆ ಶಾಲೆಯ ದಿನಗಳಿಂದಲೂ ಆಗದ ಕೆಲಸ. ಆದರೂ ನಿಂತು ಹೇಳಿದೆ: ತಪ್ಪು ನನ್ನದು, ಹುಲುಗಪ್ಪನ ಪುಸ್ತಕದಲ್ಲಿರುವುದೇ ನಿಜ, ತೂಬಿನಲ್ಲಿ ನೀರು ಪೂರ್ತಿ ಹೋಗಿತ್ತು. ಯಂಕೋಬ ಕೇಳಿದರು.

"ಹಂಗಾದ್ರ ನಮ್ಮ ನೀರು ಎಲ್ಲಿ ಹೋತ್ರಿ?"

ತೂಬಿಗೂ ಅವರ ಹೊಲಕ್ಕೂ ನಡುವೆ ಕಾಲುವೆಗೆ ಇಳಿಬಿಟ್ಟ ಪಂಪುಗಳಿವೆ. ಅವುಗಳ ಪೈಪುಗಳನ್ನು ಬರುವಾಗ ನಾನೂ ನೋಡಿದ್ದೆ. ಪಂಪಿನ ಯಜಮಾನರು ಆ ಕಟ್ಟೆಯ ಮೇಲೇ ಕುಳಿತಿದ್ದರು. ಎಲ್ಲರೂ ನೆಲ ನೋಡಿದರು.

"ಆತು ಬಿಡ್ರಿ ಮೇಡಂ, ಬರಕೊಂಡ್ವಿ" ಎಂದರು ಅಧ್ಯಕ್ಷರು. "ಈಗ ಬ್ಯಾರೆ ನೀರುಗಂಟಿ ಬಂದಾನ. ಹಳೇದನ್ನ ಕೆದಕೋದು ಬ್ಯಾಡ. ಚಾ ತಗೋರಿ."

ಅವರು ಏನನ್ನೂ ಬರೆದುಕೊಂಡದ್ದು ನನಗೆ ಕಾಣಲಿಲ್ಲ. ನಾನೇ ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆದು, ಸಹಿ ಮಾಡಿ, ಅವರ ಸಭೆಯ ಪುಸ್ತಕದಲ್ಲಿಟ್ಟು ಬಂದೆ. ಅದು ಅಲ್ಲಿ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ.

ಹೊಸದಾಗಿ ಸೇರಿದವರಿಗೆ ಕೆಲಸದ ಮಾತಾಗಿ ಇಷ್ಟು ಹೇಳಬಲ್ಲೆ. ಡಿಸ್ಕ್ ಹಾಕಿದ ದಿನವೇ ಹಳೆಯ ಕಾರ್ಡನ್ನು ತೆಗೆಯಿರಿ. ತೆಗೆಯದಿದ್ದರೆ, ಎದ್ದದ್ದು ಹಳೆಯದೆಂದು ಅದರ ಬಾಯಿಂದಲೇ ಹೇಳಿಸುವ ಏರ್ಪಾಡು ಮಾಡಿ. ನಿಮ್ಮ ಕರೆಂಟಿನಿಂದಲ್ಲ, ಅಲ್ಲಿನ ಕರೆಂಟಿನಿಂದ ಪರೀಕ್ಷಿಸಿ. ಮತ್ತು ಈಗ ಬನ್ನಿ ಎಂದು ಯಾರಾದರೂ ಕರೆದರೆ, ಆಗಲೇ ಹೋಗಿ.

ಸಭೆಯಿಂದ ಹಿಂದಿರುಗುವಾಗ ತೂಬಿನ ಕೋಣೆಗೆ ಹೋದೆ. ಹೊಸ ನೀರುಗಂಟಿ ಒಳ್ಳೆಯ ಮನುಷ್ಯ. ಪಾಳಿ ಶುರುವಾದಾಗ ಪರದೆಯ ಫೋಟೋ ತೆಗೆದು ಅಧ್ಯಕ್ಷರಿಗೆ ಕಳಿಸುತ್ತೇನೆ, ಅಷ್ಟೇ ಕೆಲಸ ಎಂದ. ಬಿದಿರುಕೋಲು ಬಾಗಿಲ ಹಿಂದಿತ್ತು, ಗಾಳಿಗೆ ಬಾಗಿಲು ಹೊಡೆದುಕೊಳ್ಳದಂತೆ ಒತ್ತುಕೊಟ್ಟಿದ್ದರು. ನಾನು ಹುಲುಗಪ್ಪನಿಗೆ ಫೋನ್ ಮಾಡಿದೆ. ಹೇಳಿ ಬಂದೆ ಎಂದೆ. ಜನ ಏನೆಂದರು ಎಂದು ಅವನು ಕೇಳಲಿಲ್ಲ.

"ನನ್ನ ಕೋಲು ಐತೇನ್ರಿ ಅಲ್ಲಿ?"

"ಇದೆ."

"ಇಳಿಸಿ ನೋಡ್ರಿ."

ಫೋನನ್ನು ಕಿವಿ ಮತ್ತು ಭುಜದ ನಡುವೆ ಹಿಡಿದು, ಕಾಲುವೆಯ ದಂಡೆಯಲ್ಲಿ ಬಗ್ಗಿ ಕೋಲನ್ನು ನೀರಿಗಿಳಿಸಿದೆ. ಅಲ್ಲಿಯವರೆಗೆ ಒಮ್ಮೆಯೂ ನಾನಾಗಿ ಅದನ್ನು ಹಿಡಿದಿರಲಿಲ್ಲ.

"ಎಷ್ಟೈತಿ?"

"ನಾಲ್ಕು ಗೇಣು. ಮೇಲೆ ಎರಡು ಬೆರಳು."

"ಪೆಟ್ಟಿಗಿ ಏನು ಹೇಳ್ತೈತಿ?"

"ಅಷ್ಟೇ."

ಆ ಕಡೆ ಬೈಕೊಂದು ಬಂದು ನಿಂತ ಸದ್ದಾಯಿತು. "ಹೂಂ" ಎಂದ ಹುಲುಗಪ್ಪ. "ಬರಕೊಳ್ರಿ."

ಬರೆಯಲು ಅಲ್ಲಿ ಪುಸ್ತಕವಿರಲಿಲ್ಲ.